ಜೀತದ ಸಾಲ ರದ್ದಾದ ದಿನ
ಚಿಕ್ಕೇರೂರಿನ ನಮ್ಮ ಓಣಿಯಲ್ಲಿ ಆಳುಮಕ್ಕಳ ಲೆಕ್ಕ ಯುಗಾದಿಯಿಂದ ಯುಗಾದಿಗೆ. ಮಗಳ ಮದುವೆಗೆ ಅಪ್ಪ ತಂದ ಮುಂಗಡಕ್ಕೆ ಮಗ ಧಣಿಯರ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದ. ಅಪ್ಪ ಸತ್ತರೆ ಬಾಕಿ ಅವನ ತಲೆಗೆ. ಅಜ್ಜಿ ಹೇಳುವಾಗ ಈಗಲೂ ಹೊಟ್ಟೆ ಉರಿಯುತ್ತದೆ.

ಬ್ರಿಟಿಷರ 1843ರ ಕಾಯ್ದೆಯಿಂದ ಗುಲಾಮಗಿರಿಗಿದ್ದ ಕೋರ್ಟಿನ ಬೆಂಬಲ ಹೋಯಿತು, ಸಾಲದ ಜೀತ ಉಳಿಯಿತು. ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆ ನಿಷೇಧಿಸಿ ಕಾಲು ಶತಮಾನ ಕಳೆದ ಮೇಲೆ, 1975ರ ಅಕ್ಟೋಬರ್‌ 25ರಿಂದ ಜೀತ ನಿರ್ಮೂಲನಾ ಕಾಯ್ದೆಯಡಿ ಜೀತದ ಸಾಲವೇ ರದ್ದಾಯಿತು. ಅಡವಿಟ್ಟ ಆಸ್ತಿ ವಾಪಸ್‌, ಗುಡಿಸಲಿನಿಂದ ಎಬ್ಬಿಸುವಂತಿಲ್ಲ. ಬ್ರಿಟನ್‌ 1833ರಲ್ಲಿ ಗುಲಾಮರನ್ನು ಬಿಡಿಸಲು ಹೊರಟಾಗ 2 ಕೋಟಿ ಪೌಂಡ್‌ ಪರಿಹಾರ ಕೊಟ್ಟದ್ದು ಒಡೆಯರಿಗೆ! ನಮ್ಮ ಕಾಯ್ದೆ ಆ ತಪ್ಪು ಮಾಡಲಿಲ್ಲ.

ಫೆಬ್ರುವರಿ 9ರಂದು ಸರ್ಕಾರಿ ಕಚೇರಿಗಳಲ್ಲಿ ಜೀತ ನಿರ್ಮೂಲನೆಯ ಪ್ರತಿಜ್ಞೆ ಓದುತ್ತಾರೆ. ಇಟ್ಟಿಗೆ ಭಟ್ಟಿಗಳ ಮುಂದೆಯೂ, ಮುಂಗಡ ಪಡೆದು ಬಂದವರಿಗೆ ಕೇಳುವಂತೆ ಓದಲಿ.