ಜಾರಿದಷ್ಟೂ ಡಾಲರ್: ಹಿಮದ ಘಾಟಿಯಲ್ಲಿ ಸುತ್ತು ಎಣಿಸಿದ ದಿನ

ಅಮೆರಿಕದಲ್ಲಿ ಯಾವುದಾದರೂ ಒಳ್ಳೆ ಕೆಲಸಕ್ಕೆ ದುಡ್ಡು ಸೇರಿಸಬೇಕು ಅಂದ್ರೆ ಜನ ಮೊದಲು ಹುಡುಕೋದು ಶೂ. ನಮ್ಮೂರಲ್ಲಿ ರಸೀದಿ ಪುಸ್ತಕ ಹಿಡಿದು ಮನೆಮನೆಗೆ ಬರೋ ಹಾಗೆ ಇಲ್ಲಿ ಯಾರೂ ಬರಲ್ಲ. "ನಾನು ಹತ್ತು ಮೈಲಿ ಓಡ್ತೀನಿ, ನೀನು ದುಡ್ಡು ಕೊಡು" ಅಂತಾರೆ. ಓಡ್ತಾರೆ, ಸೈಕಲ್ ತುಳೀತಾರೆ. ಸಿಯಾಟಲ್‌ನ ಕೊಲಂಬಿಯಾ ಸೆಂಟರ್ ಕಟ್ಟಡದ 69 ಮಹಡಿ, 1,311 ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತುತ್ತಾರೆ. ಅದೂ ರಕ್ತದ ಕ್ಯಾನ್ಸರ್ ಸಂಶೋಧನೆಗೇ. ಚಳಿಗಾಲ ಬಂತು ಅಂದ್ರೆ ಹಿಮದ ಮೇಲೆ ಜಾರ್ತಾರೆ.

ಈ ಜಾರೋ ಕಾರ್ಯಕ್ರಮಕ್ಕೆ ಕಳೆದ ಚಳಿಗಾಲದಲ್ಲಿ ನಾನು ಸ್ವಯಂಸೇವಕಿಯಾಗಿ ಹೋಗಿದ್ದೆ. ನನಗೆ ಸ್ಕೀಯಿಂಗ್ ಬರಲ್ಲ. ಸಿಯಾಟಲ್ ಪಕ್ಕ ಆರು ವರ್ಷದಿಂದ ಇದ್ದರೂ ಕಲಿತಿಲ್ಲ, ಕಲಿಯೋ ಆಸೆಯೂ ಅಷ್ಟಾಗಿ ಇಲ್ಲ. ಆದರೆ ಇಂಥ ದಿನಕ್ಕೆ ಜಾರುವವರು ನೂರು ಜನ ಬೇಕಾದರೆ ಕೆಳಗೆ ನಿಂತು ಕೆಲಸ ಮಾಡುವವರು ಮೂವತ್ತು ಜನ ಬೇಕು. ಪಾರ್ಕಿಂಗ್ ತೋರಿಸಬೇಕು, ಎದೆಗೆ ಕಟ್ಟುವ ನಂಬರ್ ಹಂಚಬೇಕು, ಬಿಸಿ ಚಾಕೊಲೇಟ್ ಸುರಿಯಬೇಕು, ಕಳೆದುಹೋದ ಕೈಗವಸು ಕೂಡಿಡಬೇಕು. ನನಗೆ ಸಿಕ್ಕಿದ್ದು ಸುತ್ತು ಎಣಿಸುವ ಕೆಲಸ.

ಜಾಗದ ಹೆಸರು ಸ್ನೋಕ್ವಾಲ್ಮಿ ಪಾಸ್. ಸಿಯಾಟಲ್‌ನಿಂದ ಐ-90 ಹೆದ್ದಾರಿಯಲ್ಲಿ ಸುಮಾರು 80 ಕಿಲೋಮೀಟರ್. ನಮ್ಮ ಶಿರಾಡಿ ಘಾಟಿ ಇದ್ದ ಹಾಗೆ, ಕ್ಯಾಸ್ಕೇಡ್ ಪರ್ವತ ದಾಟುವ ಘಾಟಿ ಅದು. ಎತ್ತರ 3,022 ಅಡಿ. ತಮಾಷೆ ಅಂದ್ರೆ ನಮ್ಮ ಹಾಸನ ಪೇಟೆಯೇ ಅದಕ್ಕಿಂತ ಒಂಚೂರು ಎತ್ತರದಲ್ಲಿದೆ. ಹಾಸನದಲ್ಲಿ ಡಿಸೆಂಬರ್ ಬಂದರೆ ಸ್ವೆಟರ್ ಹಾಕ್ತೀವಿ, ಅಷ್ಟೇ. ಇಲ್ಲಿ ಉತ್ತರಕ್ಕೆ ಅಷ್ಟು ದೂರ ಇರೋದರಿಂದ ಆಳೆತ್ತರ ಹಿಮ ಬೀಳುತ್ತೆ. ಸಮುದ್ರದ ತೇವ ಹೊತ್ತು ಬರುವ ಮೋಡ ಆದ್ದರಿಂದ ಹಿಮವೂ ಒದ್ದೆ, ಭಾರ. ಇಲ್ಲಿನವರು ಇದಕ್ಕೆ 'ಕ್ಯಾಸ್ಕೇಡ್ ಕಾಂಕ್ರೀಟ್' ಅಂತ ಅಡ್ಡಹೆಸರು ಇಟ್ಟಿದ್ದಾರೆ. ಸಿನಿಮಾದಲ್ಲಿ ನೋಡೋ ಹಾಗೆ ಪುಡಿ ಹಾರಲ್ಲ, ಸಲಿಕೆಗೆ ಮೆತ್ತಿಕೊಳ್ಳುತ್ತೆ.

ಲೆಕ್ಕ ಹೀಗೆ. ಜಾರುವವರು ಮೊದಲೇ ತಮ್ಮ ಸ್ನೇಹಿತರ ಹತ್ತಿರ ಮಾತು ತಗೊಂಡಿರುತ್ತಾರೆ. ಕೆಲವರು ಇಡಿಗಂಟು ಕೊಡ್ತಾರೆ. ಕೆಲವರು "ಸಾವಿರ ಅಡಿ ಇಳಿದರೆ ಇಷ್ಟು ಡಾಲರ್" ಅಂತಾರೆ. ನಮ್ಮ ಲಿಫ್ಟಿನಲ್ಲಿ ಒಂದು ಸಲ ಮೇಲೆ ಹೋಗಿ ಕೆಳಗೆ ಜಾರಿದರೆ ಸುಮಾರು 700 ಅಡಿ. ಹಾಗಾಗಿ 42 ಸುತ್ತು ಹೊಡೆದರೆ ಎವರೆಸ್ಟ್‌ನ ತುದಿಯಿಂದ ಸಮುದ್ರಮಟ್ಟಕ್ಕೆ ಇಳಿದ ಲೆಕ್ಕ. ಆ ದಿನ ಇಬ್ಬರು ಅದನ್ನು ಮಾಡಿಯೇ ಬಿಟ್ಟರು. ಸಂಜೆ ಅವರ ಕಾಲು ನೋಡಬೇಕಿತ್ತು, ಬೂಟು ಬಿಚ್ಚೋಕೆ ಬೇರೆಯವರು ಬೇಕಾಯ್ತು.

ದುಡ್ಡಿನ ಮೇಲೆ ದುಡ್ಡು ಸೇರೋದು ಇನ್ನೊಂದು ದಾರಿಯಲ್ಲಿ. ಇಲ್ಲಿನ ದೊಡ್ಡ ಕಂಪನಿಗಳು ನೌಕರ ಕೊಟ್ಟಷ್ಟೇ ಮೊತ್ತವನ್ನು ತಾವೂ ಸೇರಿಸುತ್ತವೆ. ಮೈಕ್ರೋಸಾಫ್ಟ್‌ನಂಥ ಕಡೆ ನೌಕರರು ಸ್ವಯಂಸೇವೆ ಮಾಡಿದ ಪ್ರತಿ ಗಂಟೆಗೆ 25 ಡಾಲರ್ ಆ ಸಂಸ್ಥೆಗೆ ಹೋಗುತ್ತೆ. ಅಂದ್ರೆ ಏನೂ ಜಾರದೆ, ಪೆನ್ಸಿಲ್ ಹಿಡಿದು ಎಂಟು ಗಂಟೆ ನಿಂತವರಿಂದಲೂ 200 ಡಾಲರ್! ಐಟಿಯಲ್ಲಿ ಇರೋರು, ನಿಮ್ಮ ಕಂಪನಿಯ ಎಚ್‌ಆರ್ ಪೋರ್ಟಲ್‌ನಲ್ಲಿ ಈ ಸೌಲಭ್ಯ ಇದೆಯಾ ಅಂತ ಒಮ್ಮೆ ನೋಡಿ. ಬೆಂಗಳೂರಿನ ಕಚೇರಿಗಳಲ್ಲೂ ಕೆಲವು ಕಡೆ ಇದೆ, ಯಾರೂ ಬಳಸಲ್ಲ ಅಷ್ಟೇ.

ಪೆನ್ಸಿಲ್ ಅಂದೆನಲ್ಲ, ಅದಕ್ಕೂ ಕಾರಣ ಇದೆ. ಸಂಘಟಕರು ಸುತ್ತು ಎಣಿಸೋಕೆ ಒಂದು ಆಪ್ ಕೊಟ್ಟಿದ್ದರು. ಚೆನ್ನಾಗೇ ಇತ್ತು. ಆದರೆ ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಫೋನಿನ ಬ್ಯಾಟರಿ ನಂಬೋ ಹಾಗಿಲ್ಲ, 60% ಅಂತ ತೋರಿಸ್ತಾ ಇದ್ದಿದ್ದು ತಟ್ಟನೆ ಆಫ್. ಕೈಗವಸು ಹಾಕಿದರೆ ಸ್ಕ್ರೀನ್ ಕೇಳಲ್ಲ, ತೆಗೆದರೆ ಬೆರಳು ಕೇಳಲ್ಲ. ಬಾಲ್‌ಪೆನ್ನಿನ ಇಂಕೂ ಗಟ್ಟಿಯಾಗುತ್ತೆ. ನನ್ನ ಜೊತೆಗಿದ್ದ ನಿವೃತ್ತ ಟೀಚರ್ ಒಬ್ಬರು, ಎಪ್ಪತ್ತು ದಾಟಿದ ಅಜ್ಜಿ, ಜೇಬಿನಿಂದ ಮೊಂಡು ಪೆನ್ಸಿಲ್ ಮತ್ತು ನೀರು ತಾಗಿದರೂ ನೆನೆಯದ ಹಳದಿ ನೋಟ್‌ಬುಕ್ ತೆಗೆದರು. ಆ ಕಾಗದ ಇಲ್ಲೇ ಪಕ್ಕದ ಟಕೋಮಾ ಊರಿನಲ್ಲಿ ಮಾಡ್ತಾರೆ, ಮಳೆ ಊರಿನವರಿಗೆ ಬೇಕಾದ ವಸ್ತು. ಐದೈದು ಗೀಟು ಎಳೆದು ಅಡ್ಡ ಹೊಡೆಯೋದು. ನಮ್ಮಜ್ಜಿ ಹಾಲಿನವನ ಲೆಕ್ಕವನ್ನು ಗೋಡೆ ಮೇಲೆ ಬರೀತಿದ್ದ ಹಾಗೇ. ಇಡೀ ದಿನದ ಲೆಕ್ಕ ಕೊನೆಗೆ ಉಳಿದಿದ್ದು ಆ ಪುಸ್ತಕದಲ್ಲಿ.

ಪ್ರತಿಯೊಬ್ಬರ ಎದೆಯ ಮೇಲಿನ ನಂಬರಿನ ಕೆಳಗೆ ಒಂದು ಖಾಲಿ ಗೆರೆ ಇತ್ತು. ಯಾರಿಗಾಗಿ ಜಾರ್ತಾ ಇದೀನಿ ಅಂತ ಬರೆಯೋಕೆ. "ಅಪ್ಪನಿಗೆ". "ನನ್ನ ರೂಮ್‌ಮೇಟ್‌ಗೆ". ಒಬ್ಬ ಹುಡುಗ, ಹತ್ತು ವರ್ಷ ಇರಬಹುದು, "ನನಗೇ" ಅಂತ ಬರೆದುಕೊಂಡಿದ್ದ. ಅವನು ಮೂರು ಸುತ್ತು ಹೊಡೆದ. ಮೂರನೆಯದು ಮುಗಿಸಿ ಬಂದು ನನ್ನ ಪುಸ್ತಕದಲ್ಲಿ ಗೀಟು ಹಾಕಿದ್ದೇನಾ ಅಂತ ಇಣುಕಿ ನೋಡಿಯೇ ಹೋಗಿದ್ದು.

ಹಿಂದಿನ ದಿನ ಫೋನಿನಲ್ಲಿ ಈ ವಿಷಯ ಹೇಳಿದಾಗ ಅರಸೀಕೆರೆಯಲ್ಲಿರೋ ನನ್ನ ಸೋದರಮಾವ ನಕ್ಕುಬಿಟ್ಟಿದ್ದರು. "ಅಲ್ಲ ಕಣವ್ವಾ, ಜಾರುಬಂಡೆ ಆಡೋಕೂ ದುಡ್ಡು ಕೊಡ್ತಾರಾ? ಅದಕ್ಕೂ ಔಷಧಿಗೂ ಏನವ್ವಾ ಸಂಬಂಧ?"

ಸಂಬಂಧ ಮಾವನ ಊಟದ ಡಬ್ಬಿಯ ಪಕ್ಕದಲ್ಲೇ ಇದೆ. 2016ರಲ್ಲಿ ಅವರಿಗೆ ಸುಮ್ಮನೆ ಸುಸ್ತು, ಹೊಟ್ಟೆಯ ಎಡಗಡೆ ಭಾರ. ರಕ್ತ ಪರೀಕ್ಷೆ ಮಾಡಿಸಿದರೆ ಬಿಳಿ ರಕ್ತಕಣ ಎರಡು ಲಕ್ಷದ ಮೇಲೆ. ಬೆಂಗಳೂರಿನ ಕಿದ್ವಾಯಿಗೆ ಹೋದಾಗ ತಿಳಿದ ಹೆಸರು ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ, ಚಿಕ್ಕದಾಗಿ ಸಿಎಂಎಲ್. ಮನೆಯಲ್ಲಿ ಅತ್ತೆ ಅಳೋಕೆ ಶುರು ಮಾಡಿದ್ದರು. ಡಾಕ್ಟರು ಬರೆದುಕೊಟ್ಟಿದ್ದು ಒಂದು ಮಾತ್ರೆ: ಇಮ್ಯಾಟಿನಿಬ್ 400 ಮಿಲಿಗ್ರಾಂ, ದಿನಕ್ಕೊಂದು, ಊಟ ಆದಮೇಲೆ, ದೊಡ್ಡ ಲೋಟ ನೀರಿನ ಜೊತೆ. ಅಂದಿನಿಂದ ಮಾವ ತೆಂಗಿನ ತೋಟ ನೋಡಿಕೊಂಡು, ಮಗಳ ಮದುವೆ ಮಾಡಿ, ದಿನಾ ಮಧ್ಯಾಹ್ನ ಮಾತ್ರೆ ನುಂಗಿಕೊಂಡು ಇದ್ದಾರೆ.

ಈ ಮಾತ್ರೆಯ ಹಿಂದಿನ ಕತೆ ಉದ್ದ. 1960ರಲ್ಲಿ ಫಿಲಡೆಲ್ಫಿಯಾದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಈ ರೋಗಿಗಳ ಜೀವಕೋಶದಲ್ಲಿ ಒಂದು ಕ್ರೋಮೋಸೋಮ್ ಮೋಟಾಗಿರೋದನ್ನು ಕಂಡರು. 1973ರಲ್ಲಿ ಷಿಕಾಗೋದ ಜಾನೆಟ್ ರೌಲಿ ಅದು ಯಾಕೆ ಅಂತ ತೋರಿಸಿದರು. 9ನೇ ಮತ್ತು 22ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗಿದ್ದವು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಎರಡು ಫೈಲಿನ ಕೋಡ್ ತಪ್ಪಾಗಿ ಮರ್ಜ್ ಆಗಿ, ನಿಲ್ಲಬೇಕಾದ ಲೂಪ್ ನಿಲ್ಲದೆ ಓಡ್ತಾನೇ ಇದೆ. ಜೀವಕೋಶ ಹುಟ್ಟುತ್ತಾನೇ ಇರುತ್ತೆ. ಆ ಒಂದು ಪ್ರೋಟೀನನ್ನು ಮಾತ್ರ ತಡೆದರೆ ಸಾಕು ಅನ್ನೋದು ಬ್ರಯಾನ್ ಡ್ರುಕರ್ ಅನ್ನೋ ವೈದ್ಯರ ಹಟ.

ಡ್ರುಕರ್ 1993ರಲ್ಲಿ ಪೋರ್ಟ್‌ಲ್ಯಾಂಡಿಗೆ ಬಂದರು. ಸಿಯಾಟಲ್‌ನಿಂದ ಮೂರು ಗಂಟೆ ದಾರಿ. ಸ್ವಿಸ್ ಔಷಧ ಕಂಪನಿಯಲ್ಲಿದ್ದ ನಿಕ್ ಲೈಡನ್ ತಂಡದ ರಾಸಾಯನಿಕಗಳಲ್ಲಿ ಒಂದು ಕೆಲಸ ಮಾಡುತ್ತೆ ಅಂತ ಪ್ರಯೋಗಾಲಯದಲ್ಲಿ ಕಾಣಿಸಿತು. ಆದರೆ ರೋಗ ಅಪರೂಪದ್ದು, ಮಾರುಕಟ್ಟೆ ಸಣ್ಣದು, ಕಂಪನಿಗೆ ಹೆಚ್ಚು ಉತ್ಸಾಹ ಇರಲಿಲ್ಲ. ಆ ವರ್ಷಗಳಲ್ಲಿ ಅವರ ಸಂಶೋಧನೆಗೆ ದುಡ್ಡು ಕೊಟ್ಟವರಲ್ಲಿ ಒಂದು, ಜನರಿಂದ ಹತ್ತಿಪ್ಪತ್ತು ಡಾಲರ್ ಸೇರಿಸುವ ಲ್ಯುಕೇಮಿಯಾ ಸೊಸೈಟಿ ಆಫ್ ಅಮೆರಿಕ. 1998ರಲ್ಲಿ ಮೊದಲ ರೋಗಿಗಳಿಗೆ ಕೊಟ್ಟರು. 2001ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ಇಲಾಖೆ ಒಪ್ಪಿಗೆ ಕೊಟ್ಟಿತು. ಮುಂಚೆ ಮೂಳೆಮಜ್ಜೆ ಕಸಿ ಅಥವಾ ಮೈಯೆಲ್ಲ ನಡುಗಿಸುವ ಇಂಟರ್‌ಫೆರಾನ್ ಬಿಟ್ಟರೆ ದಾರಿ ಇರದಿದ್ದ ಕಾಯಿಲೆ ಅದು. ಇಮ್ಯಾಟಿನಿಬ್ ಕೊಟ್ಟ ರೋಗಿಗಳನ್ನು ಹತ್ತು ವರ್ಷ ಹಿಂಬಾಲಿಸಿ ನೋಡಿದರೆ ಸುಮಾರು 83% ಜನ ಬದುಕಿದ್ದರು.

ಇದನ್ನೇ ನಾನು ಮಾವನಿಗೆ ಹೇಳಿದ್ದು. ಸರ್ಕಾರದ ದೊಡ್ಡ ಅನುದಾನ ಸಾಮಾನ್ಯವಾಗಿ ಸ್ವಲ್ಪ ಫಲಿತಾಂಶ ಕೈಯಲ್ಲಿ ಇರೋರಿಗೆ ಹೋಗುತ್ತೆ. ಆ ಮೊದಲ ಫಲಿತಾಂಶಕ್ಕೆ, ಇನ್ನೂ ಹೆಸರು ಮಾಡದ ಚಿಕ್ಕ ವಯಸ್ಸಿನ ಸಂಶೋಧಕರಿಗೆ, ಜನ ಕೊಟ್ಟ ಚಿಲ್ಲರೆ ದುಡ್ಡೇ ಬೀಜ. ಬೀಜ ಅಂದ ತಕ್ಷಣ ಮಾವನಿಗೆ ಅರ್ಥ ಆಯ್ತು. "ಹಂಗಾರೆ ಸರಿ. ಜಾರ್ಲಿ ಬಿಡು."

ಅದೇ ಮಾತ್ರೆ ಅರಸೀಕೆರೆಗೆ ಬಂದಿದ್ದು ಇನ್ನೊಂದು ಕತೆ. ಕಂಪನಿಯ ಬೆಲೆ ಒಂದು ಕಾಲಕ್ಕೆ ತಿಂಗಳಿಗೆ ಲಕ್ಷ ರೂಪಾಯಿ ಮೀರಿತ್ತು. 2002ರಿಂದ ಕಂಪನಿ ಉಚಿತವಾಗಿ ಕೊಡೋ ಯೋಜನೆಯನ್ನು ನಮ್ಮ ದೇಶದ ರೋಗಿಗಳಿಗೂ ತಲುಪಿಸಿದ್ದು ಮ್ಯಾಕ್ಸ್ ಫೌಂಡೇಶನ್. ಅದರ ಕಚೇರಿ ಇರೋದು ಇದೇ ಸಿಯಾಟಲ್‌ನಲ್ಲಿ. ಮತ್ತೆ 2013ರ ಏಪ್ರಿಲ್ 1ರಂದು ನಮ್ಮ ಸುಪ್ರೀಂ ಕೋರ್ಟ್ ನೋವಾರ್ಟಿಸ್‌ನ ಪೇಟೆಂಟ್ ಅರ್ಜಿ ತಳ್ಳಿಹಾಕಿತು, ಭಾರತದ ಕಂಪನಿಗಳ ಅಗ್ಗದ ಮಾತ್ರೆ ಉಳಿಯಿತು. ಮಾವ ತಿನ್ನೋದು ಅದನ್ನೇ. ಸಂಶೋಧನೆಗೆ ದಾನ ಕೊಟ್ಟರೆ ಸಾಕು ಅಂತ ನಾನು ನಂಬದೇ ಇರೋದು ಇದಕ್ಕೇ. ಔಷಧ ಕಂಡುಹಿಡಿಯೋದು ಅರ್ಧ ದಾರಿ, ಕೈಗೆ ಎಟಕಿಸೋದು ಇನ್ನರ್ಧ.

ಸ್ಕೀಯಿಂಗ್ ಮತ್ತು ಕಾಯಿಲೆಯ ನಂಟು ಜೋಡಿಸಿದವರಲ್ಲಿ ಒಬ್ಬರ ಹೆಸರು ಹೇಳಲೇಬೇಕು. ಜಿಮ್ಮಿ ಹ್ಯೂಗಾ. 1964ರ ಇನ್ಸ್‌ಬ್ರುಕ್ ಚಳಿಗಾಲದ ಒಲಿಂಪಿಕ್ಸ್‌ನ ಸ್ಲಾಲಮ್‌ನಲ್ಲಿ ಕಂಚು ಗೆದ್ದ ಅಮೆರಿಕದ ಹುಡುಗ. 1970ರಲ್ಲಿ, ಇಪ್ಪತ್ತಾರನೇ ವಯಸ್ಸಿಗೆ, ಅವರಿಗೆ ನರಗಳನ್ನು ಕೆಡಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತ ಗೊತ್ತಾಯ್ತು. ಸುಸ್ತು ಮಾಡಿಕೊಳ್ಳಬೇಡಿ, ಸುಮ್ಮನೆ ಇರಿ ಅನ್ನೋದು ಆ ಕಾಲದ ವೈದ್ಯರ ಸಲಹೆ. ಹ್ಯೂಗಾ ಒಪ್ಪಲಿಲ್ಲ, ತಮ್ಮದೇ ವ್ಯಾಯಾಮ ಕ್ರಮ ಮಾಡಿಕೊಂಡರು. 1984ರಲ್ಲಿ ಕೊಲರಾಡೋದಲ್ಲಿ ಒಂದು ಕೇಂದ್ರ ಕಟ್ಟಿದರು. ಅದಕ್ಕೆ ದುಡ್ಡು ಸೇರಿಸಲು ಮೂರು ಮೂರು ಜನರ ತಂಡಗಳು ಹೆಚ್ಚು ಅಡಿ ಇಳಿಯುವ ಪಂದ್ಯ ಅಮೆರಿಕದ ಎಷ್ಟೋ ಬೆಟ್ಟಗಳಲ್ಲಿ ನಡೆಯಿತು. ಇನ್ನೊಂದು ವಿಚಿತ್ರ ಕೇಳಿ: ಅದೇ ಪಂದ್ಯದಲ್ಲಿ ಚಿನ್ನ ಗೆದ್ದ ಆಸ್ಟ್ರಿಯಾದ ಪೆಪಿ ಸ್ಟೀಗ್ಲರ್‌ಗೂ ಮುಂದೆ ಇದೇ ಕಾಯಿಲೆ ಬಂತು. ಹ್ಯೂಗಾ 2010ರಲ್ಲಿ ತೀರಿಕೊಂಡರು.

ನನ್ನ ತಕರಾರೂ ಇದೆ. ಸ್ಕೀಯಿಂಗ್ ದುಬಾರಿ ಆಟ. ಟಿಕೆಟ್, ಬಾಡಿಗೆ ಬೂಟು, ಪೆಟ್ರೋಲು ಸೇರಿದರೆ ಒಬ್ಬೊಬ್ಬರಿಗೂ ಇನ್ನೂರು ಡಾಲರ್ ಹತ್ತಿರ. ಅದನ್ನೇ ನೇರವಾಗಿ ಕೊಡಬಹುದಲ್ವಾ? ಮಧ್ಯಾಹ್ನ ಸೂಪ್ ಕುಡೀತಾ ಟೀಚರ್ ಅಜ್ಜಿಯನ್ನ ಕೇಳಿಯೇಬಿಟ್ಟೆ. "ಕೊಡಬಹುದು, ಆದರೆ ಕೊಡಲ್ಲ. ಸ್ನೇಹಿತ ಬಂದು ನಾನು ಇಷ್ಟು ಕಷ್ಟಪಡ್ತೀನಿ ಅಂದ್ರೆ ಜನಕ್ಕೆ ಇಲ್ಲ ಅನ್ನೋಕಾಗಲ್ಲ" ಅಂದರು. ಹರಕೆ ಹೊತ್ತು ಬರಿಗಾಲಲ್ಲಿ ಧರ್ಮಸ್ಥಳಕ್ಕೆ ನಡೆದು ಹೋಗುವವರಿಗೆ ದಾರಿಯುದ್ದಕ್ಕೂ ಮಜ್ಜಿಗೆ ಪಾನಕ ಕೊಡೋ ನಮ್ಮ ಜನ ನೆನಪಾದರು.

ಎಲ್ಲ ಚೆನ್ನಾಗಿದೆ ಅಂತ ಹೇಳಿ ಮುಗಿಸೋ ಹಾಗಿಲ್ಲ. ಮಾವನ ರಕ್ತದಲ್ಲಿ ಆ ಕೆಟ್ಟ ಜೀನ್ ಎಷ್ಟಿದೆ ಅಂತ ಆಗಾಗ ಪಿಸಿಆರ್ ಪರೀಕ್ಷೆ ಮಾಡ್ತಾರೆ. ಎಂಟು ವರ್ಷ ಕೆಳಗೇ ಇದ್ದ ಅಂಕಿ ಹೋದ ವರ್ಷ ಏರತೊಡಗಿತು. ಕಾಯಿಲೆ ಮಾತ್ರೆಗೆ ಹೊಂದಿಕೊಂಡಿರಬಹುದು ಅಂತ ಮ್ಯುಟೇಶನ್ ಪರೀಕ್ಷೆಗೆ ಕಳಿಸಿದರು. ಹಲವು ಔಷಧಗಳಿಗೆ ಬಗ್ಗದ ಟಿ315ಐ ಅನ್ನೋ ಬದಲಾವಣೆ ಒಂದಿದೆ, ಅದೊಂದು ಇರದಿದ್ದರೆ ಸಾಕು ಅಂತ ಎಲ್ಲರೂ ಕಾಯ್ತಾ ಇದ್ದೆವು. ಇರಲಿಲ್ಲ. 2006ರಲ್ಲಿ ಬಂದ ಎರಡನೇ ಪೀಳಿಗೆಯ ಔಷಧ ಡ್ಯಾಸಾಟಿನಿಬ್‌ಗೆ ಬದಲಾಯಿಸಿದ್ದಾರೆ. ಟಿ315ಐ ಇರೋರಿಗೂ ಈಗ ಪೊನಾಟಿನಿಬ್, ಅಸಿಮಿನಿಬ್ ಇವೆ. ಬೆಲೆ ಮಾತ್ರ ನಮ್ಮಂಥವರ ಮನೆಗೆ ದೂರ. ಮಾವನ ಅಂಕಿ ಇಳೀತಾ ಇದೆ, ಬೇಕಾದಷ್ಟು ಇನ್ನೂ ಇಳಿದಿಲ್ಲ. ಮುಂದಿನ ಪರೀಕ್ಷೆ ಯುಗಾದಿ ಕಳೆದಮೇಲೆ.

ಔಷಧ ಯಾವುದೂ ಕೇಳದಿದ್ದರೆ ಉಳಿಯೋದು ಮೂಳೆಮಜ್ಜೆಯ ಕಸಿ. ಒಡಹುಟ್ಟಿದವರ ಜೊತೆ ಹೊಂದಿಕೆಯಾಗುವ ಸಾಧ್ಯತೆ ಒಬ್ಬೊಬ್ಬರಿಗೆ 25%. ಆಗದಿದ್ದರೆ ಹೊರಗಿನವರನ್ನು ಹುಡುಕಬೇಕು, ಮತ್ತು ಹೊಂದಿಕೆ ಹೆಚ್ಚಾಗಿ ಸಿಗೋದು ಒಂದೇ ಮೂಲದ ಜನರಲ್ಲಿ. ಪಟ್ಟಿಯಲ್ಲಿ ನಮ್ಮವರು ಕಡಿಮೆ. ಆ ದಿನ ಚಾಕೊಲೇಟ್ ಟೇಬಲ್ಲಿನ ಪಕ್ಕ ನೋಂದಣಿಯ ಟೇಬಲ್ಲೂ ಇತ್ತು. ಕೆನ್ನೆಯ ಒಳಗೆ ಹತ್ತಿ ಕಡ್ಡಿ ತಿರುಗಿಸಿ ಲಕೋಟೆಯಲ್ಲಿ ಹಾಕಿ ಕೊಟ್ಟರೆ ಮುಗಿಯಿತು, ಸೂಜಿ ಇಲ್ಲ, ಐದು ನಿಮಿಷ. ನಾನು ಕೊಟ್ಟೆ. ಇಲ್ಲಿನ ಕನ್ನಡ ಸಂಘದ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದ ಮೇಲೆ ಇನ್ನೂ ಹನ್ನೊಂದು ಜನ ಕಿಟ್ ತರಿಸಿಕೊಂಡರು. ಊರಿನಲ್ಲಿ ಇರೋರಿಗೆ ಚೆನ್ನೈನ ದಾತ್ರಿ, ಬೆಂಗಳೂರಿನ ಡಿಕೆಎಂಎಸ್ ಇವೆ. ಆನ್‌ಲೈನಿನಲ್ಲಿ ಹೆಸರು ಕೊಟ್ಟರೆ ಕಿಟ್ ಮನೆಗೇ ಬರುತ್ತೆ. ಹೆಸರು ಕೊಡೋ ಮುಂಚೆ ಮನೆಯಲ್ಲಿ ಒಂದು ಮಾತು ಹೇಳಿಬಿಡಿ. ಒಂದು ದಿನ ಫೋನ್ ಬಂದು "ನಿಮ್ಮದು ಹೊಂದಿದೆ" ಅಂದಾಗ ಅಮ್ಮ ಹೆದರಿ ಬೇಡ ಅಂದರೆ, ಆ ಕಡೆ ಕಾಯ್ತಾ ಇರೋರಿಗೆ ಆಗೋ ನಷ್ಟ ದೊಡ್ಡದು.