ಮುಳ್ಳಿನ ಹಿಂದಿನ ಹಿತ್ತಾಳೆ

ಸ್ಟವ್ ಮೇಲೆ ಅಲ್ಯೂಮಿನಿಯಂ ಪಾತ್ರೆಯಲ್ಲಿ ನೀರು ಕಾಯುತ್ತಿತ್ತು. ಟೀಗೆ ಇರಬೇಕು ಅಂದುಕೊಂಡೆ. ಮೇಸ್ತ್ರಿ ಹೆಬ್ಬೆರಳಿನಷ್ಟು ದಪ್ಪದ ಹಿತ್ತಾಳೆಯ ತುಂಡೊಂದನ್ನು ತಂತಿಗೆ ಕಟ್ಟಿ, ಅದರ ತಲೆ ಮುಳುಗದ ಹಾಗೆ ನೀರಿಗೆ ಇಳಿಬಿಟ್ಟರು. ಪಕ್ಕದಲ್ಲೇ ಒಂದು ಥರ್ಮಾಮೀಟರ್. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ತುಂಡಿನ ತಲೆಗೂ ಇನ್ನೊಂದನ್ನು ಅದರ ಮೈಗೂ ಹಿಡಿದು ಅಂಕಿ ನೋಡುತ್ತ ಕೂತರು. ನೀರು ಬಿಸಿಯಾದಂತೆ ಅಂಕಿ ಇಳಿಯತೊಡಗಿತು. ನೂರಾರು ಓಮ್ ಇದ್ದದ್ದು ಕೆಲವು ಹತ್ತುಗಳಿಗೆ ಬಂತು. ನೀರು ಕೊತಕೊತ ಕುದಿಯುವಾಗ ಥರ್ಮಾಮೀಟರ್ 97 ತೋರಿಸುತ್ತಿತ್ತು. ಅದು ಸರಿಯಿಲ್ಲವೇನೋ ಎಂದೆ.

“ಸರಿಯಾಗೇ ಇದೆ ಸಾರ್. ಬೆಂಗಳೂರಲ್ಲಿ ನೀರು ನೂರಕ್ಕೆ ಕುದಿಯಲ್ಲ. ಮಂಗಳೂರಲ್ಲಿ ಕುದಿಯತ್ತೆ.”

ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಊರಿನಲ್ಲಿ ಗಾಳಿಯ ಒತ್ತಡ ಕಡಿಮೆ, ಅದಕ್ಕೆ ತಕ್ಕಂತೆ ಕುದಿಬಿಂದುವೂ ಕಡಿಮೆ. ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯಲ್ಲಿ ಹಳೇ ಕಾರುಗಳನ್ನು ರಿಪೇರಿ ಮಾಡುತ್ತ ವಯಸ್ಸಾದ ಈ ಮೇಸ್ತ್ರಿಗೆ ಅದು ಕೈಕೆಲಸದಲ್ಲಿ ಬಂದ ಲೆಕ್ಕ.

ಪಾತ್ರೆಯಲ್ಲಿದ್ದದ್ದು ಕೂಲಂಟ್ ಟೆಂಪರೇಚರ್ ಸೆನ್ಸರ್. ಇಂಜಿನ್ನಿನ ಒಳಗೆ ಸುತ್ತುವ ನೀರು ಎಷ್ಟು ಬಿಸಿಯಾಗಿದೆ ಎಂದು ಡ್ಯಾಶ್‌ಬೋರ್ಡಿನ ಮುಳ್ಳಿಗೆ ತಿಳಿಸುವ ಭಾಗ. ಗ್ಯಾರೇಜುಗಳಲ್ಲಿ ಇದನ್ನು ಬಲ್ಬ್ ಅಂತಲೂ ಹೀಟ್ ಸೆನ್ಸರ್ ಅಂತಲೂ ಕರೆಯುತ್ತಾರೆ. ಹಿತ್ತಾಳೆಯ ಕವಚದೊಳಗೆ ಥರ್ಮಿಸ್ಟರ್ ಎಂಬ ಸಣ್ಣ ಬಿಲ್ಲೆ ಇರುತ್ತದೆ. ತಂಪಿದ್ದಾಗ ಅದು ವಿದ್ಯುತ್ತನ್ನು ತಡೆಯುತ್ತದೆ, ಬಿಸಿಯಾದಂತೆ ಬಿಟ್ಟುಕೊಡುತ್ತದೆ. ಲೋಹದ ತಂತಿಯ ಸ್ವಭಾವಕ್ಕೆ ಇದು ಪೂರ್ತಿ ವಿರುದ್ಧ. ಬೆಳ್ಳಿಯ ಸಲ್ಫೈಡಿನಲ್ಲಿ ಈ ಗುಣವಿದೆ ಎಂದು ಮೈಕೆಲ್ ಫ್ಯಾರಡೆ 1833ರಲ್ಲೇ ಬರೆದಿಟ್ಟಿದ್ದ. ಅದು ಕಾರಿನೊಳಗೆ ಬರುವುದಕ್ಕೆ ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು.

ಈ ಪುಟ್ಟ ಭಾಗದ ಮೇಲೆ ನನಗೆ ಇಷ್ಟು ಆಸ್ಥೆ ಹುಟ್ಟಿದ್ದಕ್ಕೆ ಕಾರಣ ಶಿರಾಡಿ ಘಾಟಿ. ನಾನಾಗ ಹೈಸ್ಕೂಲಿನಲ್ಲಿದ್ದೆ. ಅಪ್ಪನ ಅಂಬಾಸಿಡರಿನಲ್ಲಿ ಮಂಗಳೂರಿನಿಂದ ವಾಪಸು ಬರುತ್ತಿದ್ದೆವು. ಗುಂಡ್ಯ ದಾಟಿ ಏರು ಶುರುವಾದ ಮೇಲೆ ಮುಳ್ಳು ಮೇಲಕ್ಕೆ ಹತ್ತಿತು. ಇನ್ನೊಂದು ತಿರುವು ನೋಡಿ ನಿಲ್ಲಿಸೋಣ ಎಂದು ಅಪ್ಪ ಅನ್ನುವಷ್ಟರಲ್ಲಿ ಅದು ತಾನಾಗಿ ಕೆಳಗಿಳಿಯಿತು. ಎಲ್ಲರಿಗೂ ಸಮಾಧಾನವಾಯಿತು. ಅಮ್ಮ ಬುತ್ತಿ ಬಿಚ್ಚಿದಳು. ಮೂರ್ನಾಲ್ಕು ಕಿಲೋಮೀಟರ್ ಹೋಗುವುದರೊಳಗೆ ಇಂಜಿನ್ ಟಕಟಕ ಸದ್ದು ಮಾಡಿ ನಿಂತೇ ಹೋಯಿತು. ಹೆಡ್ ಬಾಗಿತ್ತು, ಗ್ಯಾಸ್ಕೆಟ್ ಸುಟ್ಟಿತ್ತು. ಮುಳ್ಳು ಇಳಿದದ್ದು ಇಂಜಿನ್ ತಣ್ಣಗಾಗಿ ಅಲ್ಲ ಎಂದು ತಿಳಿದದ್ದು ಆಮೇಲೆ. ನೀರು ಸೋರಿ ಖಾಲಿಯಾಗಿ, ಸೆನ್ಸರಿನ ತುದಿ ಬರೀ ಗಾಳಿಯಲ್ಲಿ ಉಳಿದಿತ್ತು. ಗಾಳಿಯಲ್ಲಿರುವ ಸೆನ್ಸರಿಗೆ ಸುತ್ತಲ ಕಬ್ಬಿಣದ ನಿಜವಾದ ಬಿಸಿ ಬೇಗ ತಟ್ಟುವುದಿಲ್ಲ. ಏರಿನಲ್ಲಿ ಹೀಟಾದ ಗಾಡಿಯ ಮುಳ್ಳು ಕಾರಣವಿಲ್ಲದೆ ಇಳಿದರೆ ಆ ಕ್ಷಣವೇ ಇಂಜಿನ್ ಆಫ್ ಮಾಡಬೇಕು. ಅದನ್ನು ಅಪ್ಪನಿಗೆ ಯಾರೂ ಹೇಳಿರಲಿಲ್ಲ.

ಅಂಬಾಸಿಡರಿನ ಹಳೆಯ 1489 ಸಿ.ಸಿ. ಪೆಟ್ರೋಲ್ ಇಂಜಿನ್ ಇಂಗ್ಲೆಂಡಿನ ಬಿ.ಎಂ.ಸಿ. ಕಂಪನಿಯ ಬಿ-ಸೀರೀಸ್ ಕುಟುಂಬದ್ದು. ಎಂ.ಜಿ.ಎ. ಎಂಬ ಸೊಗಸಾದ ಸ್ಪೋರ್ಟ್ಸ್ ಕಾರಿನಲ್ಲೂ ಮೊದಲು ಇದೇ ಅಳತೆಯ ಇಂಜಿನ್ ಇತ್ತು. ಆ ಕಾರಿನಲ್ಲಿ ವಿದ್ಯುತ್ ಸೆನ್ಸರ್ ಇರಲಿಲ್ಲ. ಹೆಡ್ಡಿನಿಂದ ಡ್ಯಾಶ್‌ಬೋರ್ಡಿನವರೆಗೆ ಕೂದಲೆಳೆಯಂಥ ತಾಮ್ರದ ಕೊಳವೆ, ಅದರ ತುದಿಯ ಬುರುಡೆಯಲ್ಲಿ ಈಥರ್. ನೀರು ಕಾದಂತೆ ಈಥರಿನ ಆವಿಯ ಒತ್ತಡ ಏರಿ ಮುಳ್ಳನ್ನು ತಳ್ಳುತ್ತದೆ. ಕೊಳವೆ ಮುರಿದರೆ ಮೀಟರ್ ಸತ್ತಂತೆಯೇ. ಬಲ್ಲ ಕುಶಲಿಗಳು ಮಾತ್ರ ಹೊಸದಾಗಿ ಈಥರ್ ತುಂಬಿದ ಬುರುಡೆಯನ್ನು ಐಸು-ಉಪ್ಪಿನಲ್ಲಿ ಹೂತಿಟ್ಟು, ಈಥರ್ ಆವಿಯಾಗದಂತೆ ನೋಡಿಕೊಂಡು, ಹೊಸ ಕೊಳವೆ ಬೆಸೆಯುತ್ತಾರೆ. ಈಥರ್ 35 ಡಿಗ್ರಿಯ ಹತ್ತಿರದಲ್ಲೇ ಕುದಿಯುವ, ಕಿಡಿ ತಾಕಿದರೆ ಭಗ್ಗನೆ ಹತ್ತುವ ದ್ರವ. ಬೆಸುಗೆಯ ಬಿಸಿಯನ್ನೂ ಅದನ್ನೂ ಒಂದೇ ಮೇಜಿನ ಮೇಲೆ ಸಂಭಾಳಿಸುವ ಕೈಗಳಿಗೆ ನಾನು ಮನಸಾರೆ ನಮಸ್ಕಾರ ಹೇಳುತ್ತೇನೆ. ಅದಕ್ಕೂ ಹಿಂದೆ, 1910ರ ದಶಕದಲ್ಲಿ, ಅಮೆರಿಕದ ಕಾರುಗಳ ರೇಡಿಯೇಟರ್ ಮುಚ್ಚಳದ ಮೇಲೆಯೇ ಬಾಯ್ಸ್ ಮೋಟೋಮೀಟರ್ ಎಂಬ ಥರ್ಮಾಮೀಟರ್ ನಿಂತಿರುತ್ತಿತ್ತು. ಚಾಲಕ ಗಾಜಿನಾಚೆ ಅದನ್ನು ನೋಡುತ್ತ ಓಡಿಸಬೇಕಿತ್ತು.

ಮುಳ್ಳು ಆಡದಿದ್ದರೆ ಸೆನ್ಸರೇ ಕೆಟ್ಟಿದೆ ಎಂದು ಹೊಸದು ತಂದು ಹಾಕುವವರು ಬಹಳ. ಮೇಸ್ತ್ರಿ ಹಾಗೆ ಮಾಡುವುದಿಲ್ಲ. ಕೀ ತಿರುಗಿಸಿ, ಸೆನ್ಸರಿನ ವೈರನ್ನು ಕಳಚಿ, ಅದರ ತುದಿಯನ್ನು ಇಂಜಿನ್ನಿನ ಮೈಗೆ ಒಂದು ಕ್ಷಣ ಮುಟ್ಟಿಸುತ್ತಾರೆ. ಮುಳ್ಳು ಬಿಸಿಯ ಕಡೆಗೆ ಎದ್ದರೆ ಮೀಟರೂ ವೈರೂ ಸರಿ, ತಪ್ಪು ಸೆನ್ಸರಿನದು. ಏಳದಿದ್ದರೆ ಹೊಸ ಸೆನ್ಸರಿಗೆ ಕೊಟ್ಟ ದುಡ್ಡು ದಂಡ. ಪೆಟ್ರೋಲ್ ಮುಳ್ಳೂ ಟೆಂಪರೇಚರ್ ಮುಳ್ಳೂ ಒಟ್ಟಿಗೇ ತಪ್ಪು ತೋರಿಸುತ್ತಿದ್ದರೆ ಅವರು ಬಾನೆಟ್ ಎತ್ತುವುದೇ ಇಲ್ಲ, ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕುತ್ತಾರೆ. ಇಂಗ್ಲಿಷ್ ಮೂಲದ ಎಷ್ಟೋ ಕಾರುಗಳಲ್ಲಿ ಎರಡೂ ಮೀಟರಿಗೆ 10 ವೋಲ್ಟ್ ಹಂಚುವ ಸ್ಟೆಬಿಲೈಸರ್ ಒಂದೇ ಇರುತ್ತದೆ.

ಅವರ ಬಳಿ ತಂದಿದ್ದ ನನ್ನ ಹಳೇ ಗಾಡಿಯಲ್ಲಿ ತಪ್ಪು ಸೆನ್ಸರಿನದೇ ಆಗಿತ್ತು. ಹೆಡ್ಡಿನ ಮುಂಭಾಗದಲ್ಲಿ, ನೀರು ಬಿಸಿಯಾದಾಗಷ್ಟೇ ದಾರಿ ಬಿಡುವ ಥರ್ಮೋಸ್ಟಾಟ್ ಪಕ್ಕ ಅದು ಕೂತಿತ್ತು. ಇಂಜಿನ್ ಪೂರ್ತಿ ತಣ್ಣಗಾಗುವವರೆಗೆ ಮೇಸ್ತ್ರಿ ರೇಡಿಯೇಟರ್ ಮುಚ್ಚಳ ಮುಟ್ಟಲಿಲ್ಲ. ಆ ಮುಚ್ಚಳ ಕುಕ್ಕರಿನ ವೆಯಿಟ್ ಇದ್ದಂತೆ. ಒಳಗಿನ ಒತ್ತಡ ಹಿಡಿದಿಟ್ಟು ನೀರನ್ನು ಕುದಿಯದಂತೆ ತಡೆದಿರುತ್ತದೆ, ಬಿಸಿಯಲ್ಲಿ ತೆರೆದರೆ ನೀರು ಒಮ್ಮೆಲೇ ಆವಿಯಾಗಿ ಮುಖಕ್ಕೆ ಹಾರುತ್ತದೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿದರು. ಕೆಳಗೆ ಬಕೆಟ್ ಇಟ್ಟು, ನೀರಿನ ಮಟ್ಟ ಸೆನ್ಸರಿಗಿಂತ ಕೆಳಗಾಗುವಷ್ಟೇ ಇಳಿಸಿದರು. ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದರು. ಸ್ಪ್ಯಾನರನ್ನು ಒಮ್ಮೆಗೇ ಎಳೆಯಲಿಲ್ಲ. ಒಂದು ಕೂದಲಷ್ಟು ಬಿಗಿ ಮಾಡಿ, ಆಮೇಲೆ ಒಂದು ಕೂದಲಷ್ಟು ಸಡಿಲಿಸಿ, ಮತ್ತೆ ಎಣ್ಣೆ. ಹಿತ್ತಾಳೆ ಮೆದು, ಸುತ್ತಲಿನದು ಬೀಡುಕಬ್ಬಿಣ. ಅವಸರ ಮಾಡಿದರೆ ಸೆನ್ಸರಿನ ತಲೆ ಕೈಗೆ ಬಂದು ಉಳಿದರ್ಧ ಹೆಡ್ಡಿನಲ್ಲೇ ಉಳಿಯುತ್ತದೆ. ಆಗ ಡ್ರಿಲ್ ಹಿಡಿಯಬೇಕು, ಚೂರುಗಳು ನೀರಿನ ದಾರಿಗೆ ಬೀಳುತ್ತವೆ. ಕಿರ್ರ್ ಎಂದು ಸಣ್ಣ ಸದ್ದು ಬಂದು ತಿರುಗಿದಾಗ ಅವರ ಭುಜ ಇಳಿದದ್ದು ನನಗೆ ಕಂಡಿತು.

ಹೊರಬಂದದ್ದರ ತುದಿಗೆ ಬಿಳಿ ಹಕ್ಕಳೆ ಕಟ್ಟಿತ್ತು. ಬೋರ್‌ವೆಲ್ ನೀರು ಹಾಕಿದ್ದರ ಗುರುತು. ಬಚ್ಚಲು ಮನೆಯ ಗೀಸರಿನ ಕಾಯಿಲ್ ಮೇಲೆ ಕೂರುವ ಸುಣ್ಣವೇ ಇದು. ಅದು ಹೊದಿಕೆಯಂತೆ ಕೂತರೆ ನೀರಿನ ಬಿಸಿ ಸೆನ್ಸರಿಗೆ ತಡವಾಗಿ ತಲುಪುತ್ತದೆ. ಡಿಸ್ಟಿಲ್ಡ್ ವಾಟರಿಗೆ ಕೂಲಂಟ್ ಬೆರೆಸಿ ಹಾಕಿ ಎಂದು ಅವರು ಎಲ್ಲ ಗಿರಾಕಿಗಳಿಗೂ ಹೇಳುತ್ತಾರಂತೆ.

ಪಾತ್ರೆಯ ಪರೀಕ್ಷೆಗೆ ಬಂದದ್ದು ಆಮೇಲೆ. ಮೂರು ಸೆನ್ಸರುಗಳಿದ್ದವು: ಗಾಡಿಯದು, ನಾನು ಅಂಗಡಿಯಿಂದ ತಂದಿದ್ದ ಥಳಥಳ ಹೊಳೆಯುವ ಹೊಸದು, ಮೇಸ್ತ್ರಿಯ ಡಬ್ಬಿಯಲ್ಲಿದ್ದ ಹಳೆಯದೊಂದು. ಗಾಡಿಯದರ ಅಂಕಿ ಅಲುಗಲೇ ಇಲ್ಲ. ಹೊಸದರದು ಸ್ವಲ್ಪ ಇಳಿದು, ಸರಕ್ಕನೆ ಜಿಗಿದು, ಮತ್ತೆ ಇಳಿಯಿತು. ನಾನು ಮೊದಲು ಹೇಳಿದ, ಮೆಟ್ಟಿಲಿಳಿದಂತೆ ನಿಧಾನವಾಗಿ ಇಳಿದದ್ದು ಡಬ್ಬಿಯ ಹಳೆಯದು. ಅದನ್ನೇ ಹಾಕಿದರು. ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತಲಿಲ್ಲ. ಒಂದೇ ವೈರಿನ ಸೆನ್ಸರಿಗೆ ಥ್ರೆಡ್ಡೇ ಅರ್ಥಿಂಗ್. ಟೇಪು ಹೆಚ್ಚಾಗಿ ಸುತ್ತಿದರೆ ಸಂಪರ್ಕ ಕೆಟ್ಟು ಸರಿಯಿದ್ದ ಸೆನ್ಸರೂ ಸುಳ್ಳು ಹೇಳುತ್ತದೆ.

ಫ್ಯುಯಲ್ ಇಂಜೆಕ್ಷನ್ ಬಂದ ಮೇಲೆ ಇದೇ ಬಗೆಯ ಸೆನ್ಸರಿನ ಹೊಣೆ ಹೆಚ್ಚಾಯಿತು. ಬಾಷ್ ಕಂಪನಿಯ ಡಿ-ಜೆಟ್ರಾನಿಕ್ 1967ರಲ್ಲಿ ಬಂತು. ಅಂಥ ಕಾರುಗಳಲ್ಲಿ ಪೆಟ್ರೋಲ್ ಎಷ್ಟು ಬಿಡಬೇಕೆಂದು ತೀರ್ಮಾನಿಸುವ ಪೆಟ್ಟಿಗೆಗೂ ಒಂದು ಪ್ರತ್ಯೇಕ ಸೆನ್ಸರ್ ವರದಿ ಒಪ್ಪಿಸುತ್ತದೆ. ಬಾಷ್ ಸೆನ್ಸರಾದರೆ 20 ಡಿಗ್ರಿಯಲ್ಲಿ ಸುಮಾರು 2,500 ಓಮ್, 80 ಡಿಗ್ರಿಯಲ್ಲಿ ಸುಮಾರು 300. ಅದರ ವೈರು ತುಂಡಾದರೆ ಪೆಟ್ಟಿಗೆ ಹೊರಗೆ ಕೊರೆಯುವ ಚಳಿಯಿದೆ ಎಂದು ತಿಳಿದು ಪೆಟ್ರೋಲ್ ಸುರಿಯುತ್ತದೆ. ಕಪ್ಪು ಹೊಗೆ, ನೆಂದ ಪ್ಲಗ್, ಬಿಸಿಯಲ್ಲಿ ಸ್ಟಾರ್ಟ್ ಆಗದ ಗಾಡಿ. ಇಷ್ಟಕ್ಕೇ ಇಂಜಿನ್ ಬಿಚ್ಚಿಸಿಕೊಂಡವರನ್ನು ಮೇಸ್ತ್ರಿ ಕಂಡಿದ್ದಾರೆ.

ಶ್ರೀರಂಗಪಟ್ಟಣದ ಬಳಿಯ ‘ಪಯಣ’ದಂಥ ಸಂಗ್ರಹಾಲಯದಲ್ಲಿ ಹಳೇ ಕಾರುಗಳನ್ನು ನಾವು ಕಣ್ತುಂಬ ನೋಡುತ್ತೇವೆ. ರಸ್ತೆಯಲ್ಲಿ ಓಡುವ ಹಳೇ ಗಾಡಿಯ ಪಾಡೇ ಬೇರೆ. ಅದಕ್ಕೆ ದಿನಾ ಇಂಥ ಕೈಗಳು ಬೇಕು. ಬಂಗಾಳದ ಉತ್ತರಪಾಡಾದಲ್ಲಿ ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ. ಹೀಗಾಗಿ ಹಳೆಯ ಬಿಡಿಭಾಗಗಳಲ್ಲಿ ಯಾವುದು ಸರಿ, ಯಾವುದು ಸುಳ್ಳು ಎಂದು ಪರೀಕ್ಷಿಸಿ ಎತ್ತಿಡುವುದು ಇಂಥ ಗ್ಯಾರೇಜುಗಳ ದೊಡ್ಡ ಕೆಲಸವಾಗಿದೆ.

ರೇಡಿಯೇಟರಿಗೆ ನೀರು ತುಂಬಿ, ಮುಚ್ಚಳ ಹಾಕದೆಯೇ ಇಂಜಿನ್ ಸ್ಟಾರ್ಟ್ ಮಾಡಿದೆವು. ಒಳಗೆ ಸಿಕ್ಕ ಗಾಳಿ ಗುಳ್ಳೆಗಳಾಗಿ ಬಂತು, ಮಟ್ಟ ಇಳಿದಷ್ಟೂ ಮೇಸ್ತ್ರಿ ಸುರಿಯುತ್ತ ಹೋದರು. ಒಂದು ಕೈ ಮೇಲಿನ ಹೋಸ್ ಪೈಪಿನ ಮೇಲಿತ್ತು. ನಾನು ಒಳಗೆ ಕೂತು ಮುಳ್ಳು ನೋಡುತ್ತಿದ್ದೆ. ಅದು ಎದ್ದಿತು, ನಡುವಿನ ಗೆರೆ ದಾಟಿತು, ನನ್ನ ಎದೆ ಶಿರಾಡಿಗೆ ಹೋಗಿ ಬಂತು. “ಬಿಟ್ಟಿತು ಸಾರ್,” ಎಂದರು ಹೊರಗಿನಿಂದ. ಥರ್ಮೋಸ್ಟಾಟ್ ತೆರೆದು ಬಿಸಿನೀರು ಹೋಸಿಗೆ ಬಂದಿತ್ತು. ರೇಡಿಯೇಟರಿನ ತಣ್ಣೀರು ಇಂಜಿನ್ನಿಗೆ ನುಗ್ಗಿ, ಮುಳ್ಳು ಒಂದು ಗೆರೆ ಹಿಂದೆ ಸರಿದು ನಿಂತಿತು.

ಕೈ ಒರೆಸಿಕೊಂಡು ಮೇಸ್ತ್ರಿ ಆ ಎರಡು ಕೆಟ್ಟ ಸೆನ್ಸರುಗಳನ್ನು ಎತ್ತಿಕೊಂಡರು. ಅರದಿಂದ ಎರಡರ ತಲೆಯ ಮೇಲೂ ಆಳವಾಗಿ ಅಡ್ಡಗೆರೆ ಎಳೆದು ಗುಜರಿ ಡಬ್ಬಕ್ಕೆ ಹಾಕಿದರು. ಹಾಗೇ ಬಿಸಾಕಿದರೆ ಸಂಡೇ ಬಜಾರಿನಲ್ಲಿ ಯಾರಾದರೂ ತೊಳೆದು ಇಟ್ಟುಕೊಂಡು ಮಾರುತ್ತಾರಂತೆ.