ಚೀಟಿಯಲ್ಲಿ ಬರೆದ ಔಷಧಿ, ಅಂಗಡಿಯಲ್ಲಿ ಕೊಟ್ಟ ಔಷಧಿ

ಕೆಲವು ತಿಂಗಳ ಹಿಂದೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಬ್ಬ ರೈತರು ತಮ್ಮ ಪತ್ನಿಯನ್ನು ಕರೆತಂದರು. ಆಕೆಯ ಎರಡೂ ಪಾದಗಳು ಊದಿಕೊಂಡಿದ್ದವು. ಎದ್ದು ನಿಂತರೆ ತಲೆ ಸುತ್ತುತ್ತಿತ್ತು. ಪರೀಕ್ಷಿಸಲಾಗಿ ರಕ್ತದ ಒತ್ತಡವು ಬಹಳ ಕೆಳಗಿಳಿದಿತ್ತು. ಪಟ್ಟಣದ ವೈದ್ಯರೊಬ್ಬರು ಆಕೆಯ ರಕ್ತದೊತ್ತಡಕ್ಕೆ ಮಾತ್ರೆ ಬರೆದುಕೊಟ್ಟಿದ್ದರು. ಆ ಹೆಸರಿನ ಮಾತ್ರೆ ಅಂಗಡಿಯಲ್ಲಿ ಮುಗಿದಿದ್ದರಿಂದ ಅಂಗಡಿಯವರು ಬೇರೆ ಕಂಪನಿಯದನ್ನು ಕೊಟ್ಟಿದ್ದರು. ವಾರದ ನಂತರ ಪತಿಯು ಚೀಟಿಯಲ್ಲಿದ್ದ ಮಾತ್ರೆಯನ್ನೇ ಹುಡುಕಿ ತಂದರು. ಆಕೆ ಎರಡನ್ನೂ ದಿನವೂ ನುಂಗುತ್ತಿದ್ದರು. “ಹೆಸರು ಬೇರೆ, ಬಣ್ಣ ಬೇರೆ. ಎರಡೂ ಬೇರೆ ಬೇರೆ ಅಂತಲೇ ತಿಳಿದೆವು ಸಾರ್” ಎಂದರು ಪತಿ. ಎರಡರಲ್ಲಿಯೂ ಇದ್ದುದು ಅಮ್ಲೋಡಿಪಿನ್ ಎಂಬ ಒಂದೇ ಔಷಧಿ. ಒಂದನ್ನು ನಿಲ್ಲಿಸಿದ ಮೇಲೆ ಆಕೆ ಚೇತರಿಸಿಕೊಂಡರು.

ಈ ತಪ್ಪು ಆ ದಂಪತಿಗಳದೆಂದು ನಾನು ಹೇಳಲಾರೆ. ಪ್ರತಿಯೊಂದು ಔಷಧಿಗೂ ಎರಡು ಹೆಸರುಗಳುಂಟು. ಒಂದು ಅದರ ಮೂಲನಾಮ. ಇದನ್ನೇ ಜೆನೆರಿಕ್ ಹೆಸರೆನ್ನುವರು. ಇದು ಎಲ್ಲೆಡೆಯೂ ಒಂದೇ. ಮತ್ತೊಂದು ತಯಾರಕರು ಇಟ್ಟುಕೊಂಡ ವ್ಯಾಪಾರನಾಮ. ಇದು ಕಂಪನಿಗೊಂದರಂತೆ ಬದಲಾಗುತ್ತದೆ, ಬೆಲೆಯೂ ಬದಲಾಗುತ್ತದೆ. ವ್ಯಾಪಾರನಾಮಗಳನ್ನು ಹಂತಹಂತವಾಗಿ ಕೈಬಿಡಬೇಕೆಂದು 1975ರಷ್ಟು ಹಿಂದೆಯೇ ಹಾಥಿ ಸಮಿತಿಯು ಶಿಫಾರಸು ಮಾಡಿತ್ತು. ಅದು ಪೂರ್ಣವಾಗಿ ಕಾರ್ಯಗತವಾಗಲಿಲ್ಲ.

ಹಾಗಾದರೆ ಅಂಗಡಿಯವರು ಒಂದರ ಬದಲು ಇನ್ನೊಂದನ್ನು ಕೊಡಬಹುದೇ? 1945ರ ಔಷಧ ನಿಯಮಗಳ 65ನೆಯ ನಿಯಮವು ಇದಕ್ಕೆ ಸ್ಪಷ್ಟ ಉತ್ತರ ನೀಡುತ್ತದೆ. ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ‘ಶೆಡ್ಯೂಲ್ ಎಚ್’ ಪಟ್ಟಿಯಲ್ಲಿ ಸೇರಿಸಿರುವ ಔಷಧಿಗಳಿಗೆ, ಚೀಟಿಯಲ್ಲಿ ಬರೆದುದರ ಬದಲಾಗಿ ಬೇರೊಂದನ್ನು ಕೊಡುವಂತಿಲ್ಲ. ಒಳಗಿರುವ ಔಷಧಿ ಅದೇ ಆಗಿದ್ದರೂ ಕೊಡುವಂತಿಲ್ಲ. ಚೀಟಿಯ ಔಷಧಿಯನ್ನು ನೋಂದಾಯಿತ ಫಾರ್ಮಸಿಸ್ಟರ ಮೇಲ್ವಿಚಾರಣೆಯಲ್ಲಿಯೇ ಕೊಡತಕ್ಕದ್ದು.

ರಾತ್ರಿಯ ವೇಳೆ ಹತ್ತು ಮೈಲಿ ದೂರದಿಂದ ಬಂದವರಿಗೆ ಈ ನಿಯಮ ಕಠಿಣವಾಗಿ ತೋರಬಹುದು. ನನಗೂ ಹಲವು ಬಾರಿ ಹಾಗೆ ಅನ್ನಿಸಿದೆ. ಆದರೆ ಬದಲಾಯಿಸುವ ಅಧಿಕಾರವನ್ನು ಅಂಗಡಿಗೆ ಕೊಟ್ಟರೆ, ಅಗ್ಗವಾದುದನ್ನೇ ಕೊಡುವರೆಂಬ ಭರವಸೆಯೇನು? ಹೆಚ್ಚು ಲಾಭ ತರುವುದನ್ನೂ ಕೊಡಬಹುದಲ್ಲವೆ? ಆದುದರಿಂದ ಪರಿಹಾರವನ್ನು ಅಂಗಡಿಯಲ್ಲಿ ಅಲ್ಲ, ಚೀಟಿ ಬರೆಯುವಾಗಲೇ ಹುಡುಕತಕ್ಕದ್ದು. ವೈದ್ಯರು ಮೂಲನಾಮದಲ್ಲಿ ಬರೆಯಬೇಕೆಂದು 2002ರ ವೈದ್ಯವೃತ್ತಿಯ ನೀತಿ ನಿಯಮಗಳು ತಿಳಿಸುತ್ತವೆ. ಅಕ್ಷರಗಳು ಓದಲು ಬರುವಂತಿರಬೇಕೆಂದು 2016ರಲ್ಲಿ ಸೇರಿಸಲಾಯಿತು. ಮೂಲನಾಮದ ಚೀಟಿಗೆ ಯಾವ ಕಂಪನಿಯ ಅದೇ ಔಷಧಿಯನ್ನು ಕೊಟ್ಟರೂ ನಿಯಮಭಂಗವಾಗುವುದಿಲ್ಲ. 2008ರಲ್ಲಿ ಆರಂಭವಾದ ಜನೌಷಧಿ ಯೋಜನೆಯ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಕೊಳ್ಳಲೂ ಇಂತಹ ಚೀಟಿಯೇ ಅನುಕೂಲ. “ಡಾಕ್ಟರೇ, ಔಷಧಿಯ ಮೂಲ ಹೆಸರನ್ನೂ ಬರೆಯಿರಿ” ಎಂದು ಕೇಳಲು ಸಂಕೋಚ ಬೇಡ. ಕೇಳಿದರೆ ನಾವು ಕೋಪಿಸಿಕೊಳ್ಳುವುದಿಲ್ಲ, ಕೋಪಿಸಿಕೊಳ್ಳಲೂ ಬಾರದು.

ಗರ್ಭನಿರೋಧಕ ಮಾತ್ರೆಗಳ ವಿಷಯದಲ್ಲಿ ದಂಪತಿಗಳು ಇನ್ನೂ ಎಚ್ಚರದಿಂದಿರಬೇಕು. ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ದೊರೆಯುವ ಮಾಲಾ-ಎನ್ ಮತ್ತು ಅಂಗಡಿಯ ಮಾಲಾ-ಡಿ, ಇವೆರಡರಲ್ಲಿಯೂ ಇರುವುದು ಅದೇ ಹಾರ್ಮೋನುಗಳು, ಅದೇ ಪ್ರಮಾಣದಲ್ಲಿ. 28 ಮಾತ್ರೆಗಳಲ್ಲಿ 21 ಹಾರ್ಮೋನಿನವು, ಉಳಿದ 7 ಕಬ್ಬಿಣಾಂಶದವು, ದಿನಕ್ಕೊಂದರಂತೆ ಸೇವಿಸಬೇಕು. ಹಾಗೆಯೇ ನಮ್ಮಲ್ಲಿ ಉಚಿತವಾಗಿ ಕೊಡುವ ಛಾಯಾ ಮತ್ತು ಅಂಗಡಿಯ ಸಹೇಲಿ ಒಂದೇ ಔಷಧಿ. ಆದರೆ ಛಾಯಾ ಮಾತ್ರೆಗೆ ಮಾಲಾ ಬದಲಿಯಲ್ಲ. ಛಾಯಾದಲ್ಲಿ ಹಾರ್ಮೋನು ಇಲ್ಲ. ಅದನ್ನು ಮೊದಲ ಮೂರು ತಿಂಗಳು ವಾರಕ್ಕೆ ಎರಡು ಬಾರಿ, ಅನಂತರ ವಾರಕ್ಕೊಮ್ಮೆ ಸೇವಿಸತಕ್ಕದ್ದು. ಎದೆಹಾಲುಣಿಸುವ ತಾಯಿಗೆ ಹೆರಿಗೆಯಾದ ಆರು ತಿಂಗಳವರೆಗೆ ಮಾಲಾ ಕೊಡುವುದಿಲ್ಲ, ಹಾಲು ಕಡಿಮೆಯಾಗುವ ಸಂಭವವುಂಟು. ಬಾಣಂತಿಗೆ ಛಾಯಾ ತರಹೋದ ಪತಿಯು “ಯಾವುದಾದರೂ ಕೊಡಿ” ಎಂದು ಮಾಲಾ ತಂದರೆ ಮಗುವಿನ ಹಾಲಿಗೆ ಕೊರತೆ. ಮಾಲಾ ಮಾತ್ರೆಯನ್ನು ವಾರಕ್ಕೊಮ್ಮೆ ನುಂಗಿದರೆ ಮತ್ತೆ ಬಸಿರು.

ಮೂರ್ಛೆರೋಗ ಮತ್ತು ಥೈರಾಯ್ಡ್ ತೊಂದರೆಯ ಔಷಧಿಗಳಲ್ಲಿ ಪ್ರಮಾಣದ ಅಲ್ಪ ವ್ಯತ್ಯಾಸವೂ ದೇಹಕ್ಕೆ ತಿಳಿಯುತ್ತದೆ. ಮೂಲನಾಮ ಒಂದೇ ಆದರೂ ಕಂಪನಿ ಬದಲಾದುದನ್ನು ವೈದ್ಯರಿಗೆ ತಿಳಿಸಿರಿ.

ಇಂಗ್ಲಿಷ್ ಓದು ಬಾರದವರು ಏನು ಮಾಡಬೇಕು? 2018ರಿಂದ, ಒಂದೇ ಔಷಧಿಯುಳ್ಳ ಮಾತ್ರೆಗಳ ಮೇಲೆ ಮೂಲನಾಮವನ್ನು ವ್ಯಾಪಾರನಾಮಕ್ಕಿಂತ ದೊಡ್ಡ ಅಕ್ಷರಗಳಲ್ಲಿ ಮುದ್ರಿಸಬೇಕೆಂಬ ನಿಯಮವಿದೆ. ಶಾಲೆಗೆ ಹೋಗುವ ಮಗನೋ ಮಗಳೋ ಹಳೆಯ ಪಟ್ಟಿಯ ಮತ್ತು ಹೊಸ ಪಟ್ಟಿಯ ಆ ದೊಡ್ಡ ಅಕ್ಷರಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಲಿ. ಪಕ್ಕದ ಮಿಲಿಗ್ರಾಂ ಅಂಕಿಯನ್ನೂ ನೋಡಲಿ. ಹೆಸರು ಎರಡರಲ್ಲಿಯೂ ಒಂದೇ ಆಗಿದ್ದರೆ ಎರಡನ್ನೂ ನುಂಗಬೇಡಿರಿ. ಮಾತ್ರೆ ಕತ್ತರಿಸುವಾಗ ಹೆಸರಿರುವ ತುದಿಯನ್ನು ಕೊನೆಯವರೆಗೆ ಉಳಿಸಿಕೊಳ್ಳಿರಿ. ಬಿಲ್ಲನ್ನು ತಪ್ಪದೆ ಕೇಳಿ ಪಡೆದು, ಚೀಟಿಯೊಡನೆ ಇಟ್ಟುಕೊಂಡು, ಮುಂದಿನ ಬಾರಿ ಬರುವಾಗ ಮನೆಯಲ್ಲಿರುವ ಔಷಧಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ತನ್ನಿರಿ.